ಬೆಳಗಿನ ಒಲೆಗೆ ಕಟ್ಟಿದ ಬಾಜಿ

ಆ ಮನೆಯಲ್ಲಿ ಜಗಳಗಳು ಬಗೆಹರಿಯುತ್ತಿದ್ದದ್ದು ಬಾಜಿಯಿಂದ. ಬೇರೆ ಮನೆಗಳಲ್ಲಿ ಜನ ಬಾಯಿ ಮಾಡುತ್ತಾರೆ, ಮಾತು ಬಿಡುತ್ತಾರೆ, ಊಟ ಬಿಟ್ಟು ಗೋಡೆಗೆ ಮುಖ ಹಾಕಿ ಮಲಗುತ್ತಾರೆ. ಇಲ್ಲಿ ಅದೆಲ್ಲ ನಡೆಯುತ್ತಿರಲಿಲ್ಲ. ಫ್ಯಾನಿನ ಕೆಳಗೆ ಯಾರು ಮಲಗಬೇಕು, ತಳ ಹಿಡಿದ ಪಾತ್ರೆ ಯಾರು ತಿಕ್ಕಬೇಕು, ಅಕ್ಕಿ ಮೂಟೆಯನ್ನು ಮೇಲಿನ ಮಹಡಿಗೆ ಯಾರು ಹೊರಬೇಕು, ಎಲ್ಲಕ್ಕೂ ಬಾಜಿ. ಮುಂದೆ ಬರುವ ಬಸ್ಸು ಕೆಂಪೋ ನೀಲಿಯೋ, ಪಕ್ಕದ ಮನೆ ಮಗು ಈಗ ಅಳುತ್ತದೋ ಇಲ್ಲವೋ, ಕಿಟಕಿಯಿಂದ ಇಣುಕಿ ನೋಡಿದರೆ ತೀರ್ಮಾನ ಆಗಿಬಿಡುತ್ತಿತ್ತು. ಸೋತವರು ಕಮಕ್ ಕಿಮಕ್ ಅನ್ನದೆ ತೀರಿಸಬೇಕು. ತಕರಾರು ತೆಗೆದವರಿಗೆ ಅಳುಬುರುಕ ಅಂತ ಹೆಸರು ಬಿತ್ತೆಂದರೆ ಅದು ಚರ್ಮಕ್ಕೆ ಅಂಟಿಕೊಂಡ ಹಾಗೆ, ತೊಳೆದರೂ ಹೋಗುತ್ತಿರಲಿಲ್ಲ.

ತೀರ್ಪು ಹೇಳುವುದು ಮಾವನ ಕೆಲಸ. ಆಯುಷ್ಯವೆಲ್ಲ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿ ಈಗ ಮನೆಯಲ್ಲಿ ಕೂತಿದ್ದರು. ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೇಳುವ ಚಟ ಮಾತ್ರ ನಿವೃತ್ತಿ ಆಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಇದೆಲ್ಲ ಭಾರೀ ತಮಾಷೆ ಅನ್ನಿಸಿತ್ತು. ಎಂಥ ನಗುಮುಖದ ಮನೆಗೆ ಬಂದೆ ಅಂತ ತವರಿಗೆ ಹೋದಾಗಲೆಲ್ಲ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳಲಿ ಪಾಪ, ಆಗ ಅವಳು ಕಟ್ಟಿದ ಬಾಜಿಗಳೆಲ್ಲ ಪಾತ್ರೆ ಪಡಗದವು.

ಸೊಸೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಯಂತ್ರದಿಂದ ತೆಗೆದ ಒದ್ದೆ ಹಾಸುಬಟ್ಟೆಗಳ ರಾಶಿಯನ್ನು ಒಣಗಿಸುವ ಯಂತ್ರಕ್ಕೆ ಎತ್ತಿ ಹಾಕುವುದು, ಆಮೇಲೆ ಮಡಚುವುದು. ಒದ್ದೆ ಬಟ್ಟೆಯ ಭಾರ ಎತ್ತಿದವರಿಗೇ ಗೊತ್ತು. ಆಸ್ಪತ್ರೆಯ ಕಡೆ ಹೋಗುತ್ತಿದ್ದ ಬೆಳಗಿನ ಮೊದಲ ಬಸ್ಸನ್ನು ಒಂದು ದಿನ ಹೇಳದೆ ಕೇಳದೆ ನಿಲ್ಲಿಸಿಬಿಟ್ಟರು. ಮೊದಲು ಅವಳು ನಡೆದು ನೋಡಿದಳು, ತಡವಾಯಿತು. ಮೇಲ್ವಿಚಾರಕಿ ಗೇಟಿನಲ್ಲೇ ನಿಂತು ಎಲ್ಲರೆದುರು ಬೈದಳು. ಮಾರನೇ ದಿನ ಅರ್ಧ ದಾರಿ ನಡೆದು ಅರ್ಧ ದಾರಿ ಓಡಿದಳು. ಆಮೇಲೆ ಪೂರ್ತಿ ಓಡಿದಳು. ಚೀಲವನ್ನು ಬೆನ್ನಿಗೆ ಬಿಗಿದು, ಕೂದಲನ್ನು ಗಂಟು ಹಾಕಿ, ಮಗಳ ಹಳೇ ಶೂ ಹಾಕಿಕೊಂಡು ಓಡುವ ಆ ಹೆಂಗಸನ್ನು ನೋಡಿ ಹಾಲಿನ ಅಂಗಡಿಯವನು, "ಯಾರಕ್ಕಾ ಅಟ್ಟಿಸ್ಕೊಂಡು ಬರ್ತಿರೋದು?" ಅಂತ ಕೇಳುತ್ತಿದ್ದ.

ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ. ಅದೇ ಅವಳಿಗೆ ರುಚಿ ಹತ್ತಿದ್ದು. ಬರಬರುತ್ತ ಅವಳು ಕೆಲಸಕ್ಕೆ ಬೇಕಾದ್ದಕ್ಕಿಂತ ಒಂದು ಗಂಟೆ ಮೊದಲೇ ಮನೆ ಬಿಡತೊಡಗಿದಳು. ಕಾಲುವೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಮುಖ ತೊಳೆದು, ಆಸ್ಪತ್ರೆಗೆ ಹೋಗುತ್ತಿದ್ದಳು. ಅಲ್ಲಿಯೇ ಕೆಲಸ ಮಾಡುವ ಒಬ್ಬ ನರ್ಸಮ್ಮನೂ ಏರಿಯ ಮೇಲೆ ಓಡಲು ಬರುತ್ತಿದ್ದಳು. ಇಬ್ಬರಿಗೂ ಜೊತೆಯಾಯಿತು. "ನಿನ್ನ ಉಸಿರು ನೋಡೇ, ನಾನು ಏದುಸಿರು ಬಿಡ್ತಿದೀನಿ, ನೀನು ಹರಟೆ ಹೊಡೀತಿದೀಯ!" ಅಂತ ನರ್ಸಮ್ಮ ಗದರಿಸುತ್ತಿದ್ದಳು. ತನ್ನ ಹಳೆಯದಾದರೂ ಗಟ್ಟಿಯಾಗಿದ್ದ ಓಟದ ಶೂ ಜೋಡಿಯನ್ನು ಸೊಸೆಗೆ ಕೊಟ್ಟವಳೂ ಅವಳೇ.

ಮನೆಯಲ್ಲಿ ಹೊಗೆಯಾಡಿದ್ದು ಆ ಒಂದು ಗಂಟೆಗೆ. ಮೊದಲೆಲ್ಲ ಗಂಡನಿಗೆ ಎದ್ದ ಕೂಡಲೇ ಬಿಸಿ ಟೀ, ಮಾವನಿಗೆ ಸಕ್ಕರೆ ಕಮ್ಮಿ ಟೀ, ಮಗಳಿಗೆ ಶಾಲೆಯ ಡಬ್ಬಿ, ಅತ್ತೆಗೆ ಸ್ನಾನಕ್ಕೆ ಬಿಸಿನೀರು. ಈಗ ಟೀ ಫ್ಲಾಸ್ಕಿನಲ್ಲಿ, ತಿಂಡಿ ತಟ್ಟೆ ಮುಚ್ಚಿ, ನೀರು ಅವರವರೇ.

"ಫ್ಲಾಸ್ಕಿನ ಟೀ ಕುಡಿದ್ರೆ ಆಸ್ಪತ್ರೆಲಿ ಇದ್ದ ಹಾಗಿರುತ್ತೆ ಕಣೇ," ಗಂಡ ಮೂಗು ಮುರಿದ.

"ಆಸ್ಪತ್ರೆಲಿ ಇದೂ ಕೊಡಲ್ಲ," ಎಂದಳು ಅವಳು.

"ಬಾಯಿ ಮಾತ್ರ ಮೊದಲಿಂದ್ಲೂ ಓಟ," ಎಂದರು ಅತ್ತೆ. "ಈಗ ಕಾಲೂ ಕಲ್ತುಬಿಡ್ತು."

ಗಂಡ ಲಿಫ್ಟ್ ಮೆಕ್ಯಾನಿಕ್. ಊರಿಗೆಲ್ಲ ಲಿಫ್ಟು ರಿಪೇರಿ ಮಾಡುವವನು ತನ್ನ ಮನೆಯ ಮೆಟ್ಟಿಲು ಹತ್ತಿದರೆ ಪ್ರತಿ ಮಹಡಿಗೂ ಒಮ್ಮೆ ನಿಂತು ಯಾರನ್ನಾದರೂ ಮಾತಾಡಿಸುತ್ತಿದ್ದ, ಉಸಿರು ಸುಧಾರಿಸಿಕೊಳ್ಳುವುದಕ್ಕೆ. ಆದರೆ ಶಾಲೆಯಲ್ಲಿದ್ದಾಗ ಅವನೂ ಓಡುತ್ತಿದ್ದ. ಒಂದೆರಡು ಕಪ್ಪು ಕೂಡ ಗೆದ್ದಿದ್ದ. ಎಕ್ಸ್‌ಪ್ರೆಸ್ ಅಂತ ಹೆಸರು ಬಿದ್ದದ್ದು ಆಗ. ಹೊಟ್ಟೆ ಬಂದು, ತಲೆಯ ನಡುವೆ ಕೂದಲು ಹೋಗಿ, ಕಪ್ಪುಗಳಲ್ಲಿ ಮಗಳು ಪೆನ್ಸಿಲ್ ಹಾಕಿಟ್ಟರೂ ಆ ಹೆಸರು ಮಾತ್ರ ಹೋಗಿರಲಿಲ್ಲ. ಕಂಪನಿಯಲ್ಲಿ ಎಲ್ಲರೂ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೇಲಿ ಇದೆ ಅಂತ ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡ ಅನ್ನಿಸಿತ್ತೋ. ಒಂದು ದಿನ ಅವರಲ್ಲೊಬ್ಬ, "ಏನೋ ಎಕ್ಸ್‌ಪ್ರೆಸ್, ನಿಮ್ಮನೇಲಿ ಈಗ ಎಂಜಿನ್ ಬದಲಾಗಿದೆಯಂತೆ? ಕಾಲುವೆ ಮೇಲೆ ನಿನ್ನ ಹೆಂಡ್ತಿನ ನೋಡ್ದೆ," ಎಂದು ಕಿಚಾಯಿಸಿದ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಗಂಡನ ಮುಖ ಗಡಿಗೆಯಾಗಿತ್ತು. ಅಗ್ನಿಶಾಮಕ ಠಾಣೆಯವರು ವರ್ಷಕ್ಕೊಮ್ಮೆ ನಡೆಸುವ ಹತ್ತು ಕಿಲೋಮೀಟರ್ ರಸ್ತೆ ಓಟಕ್ಕೆ ತಾನು ಹೆಸರು ಕೊಟ್ಟಿದ್ದೇನೆ ಎಂದು ಸೊಸೆ ಹೇಳಿದ್ದೂ ಆವತ್ತೇ. ಹೊತ್ತು ನೋಡಿ ಹೇಳುವುದು ಅವಳಿಗೆ ಗೊತ್ತಿರಲಿಲ್ಲ.

"ಸರಿ. ಹಾಗಾದ್ರೆ ಬಾಜಿ," ಎಂದ ಗಂಡ ಅನ್ನ ಕಲೆಸುವುದನ್ನು ನಿಲ್ಲಿಸಿ. "ನಾನೂ ಓಡ್ತೀನಿ. ನನಗಿಂತ ಮುಂದೆ ಬಂದ್ರೆ ಆ ಬೆಳಗಿನ ಗಂಟೆ ನಿಂದು. ಬೆಳಗಿನ ಒಲೆ ನಂದು. ಟೀ, ಡಬ್ಬಿ, ಎಲ್ಲ ನಾನೇ. ಆಯುಷ್ಯಪೂರ್ತಿ."

ಮಗಳು ಹೋ ಎಂದು ಚಪ್ಪಾಳೆ ತಟ್ಟಿದಳು. ಹೈಸ್ಕೂಲಿಗೆ ಹೋಗುವ ಹುಡುಗಿ, ಅಪ್ಪ ಟೀ ಮಾಡುವುದನ್ನು ಕಣ್ತುಂಬ ನೋಡಬೇಕೆಂದು ಅವಳಿಗೆ ಬಹಳ ಆಸೆ.

"ನೀವು ಮುಂದೆ ಬಂದ್ರೆ?" ಸೊಸೆ ಕೇಳಿದಳು.

"ಓಟ ಬಂದ್."

"ಬಂದ್ ಅಂದ್ರೆ ಬಂದ್," ಅತ್ತೆ ಅಡುಗೆಮನೆಯಿಂದಲೇ ಸೇರಿಸಿದರು. "ಕಾಲುವೆ ಮೇಲೂ ಇಲ್ಲ, ಆಸ್ಪತ್ರೆಗೂ ಇಲ್ಲ. ಸಂಸಾರಸ್ಥೆ ಹಾಗೆ ನಡ್ಕೊಂಡು ಹೋಗ್ಬೇಕು."

ಬಾಜಿ ಒಲ್ಲೆ ಅಂದವರು ಆ ಮನೆಯಲ್ಲಿ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಗಂಡ ಮೆಟ್ಟಿಲು ಹತ್ತುವುದನ್ನು ಅವಳು ದಿನಾ ನೋಡುತ್ತಿದ್ದಳಲ್ಲ. "ಆಯ್ತು," ಎಂದಳು.

ಮಾವ ಕೈ ತೊಳೆದು ಬಂದು ಕೂತು, ಗಂಟಲು ಸರಿಮಾಡಿಕೊಂಡು, ಎರಡೂ ಕಡೆಯ ಮಾತನ್ನು ಮತ್ತೊಮ್ಮೆ ಬಿಡಿಸಿ ಹೇಳಿದರು. "ಸೊಸೆ ಗೆದ್ರೆ ಬೆಳಗಿನ ಒಲೆ ಮಗಂದು. ಮಗ ಗೆದ್ರೆ ಸೊಸೆ ಇನ್ಮುಂದೆ ರಸ್ತೆ ಮೇಲೆ ಓಡೋ ಹಾಗಿಲ್ಲ. ಓಟ ಮುಗಿಯೋ ಗೆರೆ ಹತ್ರ ನಾನೇ ಕೂತಿರ್ತೀನಿ. ಆಮೇಲೆ ಕೊಸರಾಡಬಾರ್ದು."

ಓಟಕ್ಕೆ ಇನ್ನೂ ಕೆಲವು ವಾರ ಇತ್ತು. ಗಂಡ ಹೊಸ ಶೂ, ಹೊಸ ಚಡ್ಡಿ, ಹಣೆಗೊಂದು ಪಟ್ಟಿ ತಂದ. ಮೊದಲ ದಿನ ಬೆಳಿಗ್ಗೆ ಎದ್ದು ಓಡಿ ಬಂದು, ಸೋಫಾದ ಮೇಲೆ ಬಿದ್ದು, ಮಧ್ಯಾಹ್ನದವರೆಗೂ ಎದ್ದಿರಲಿಲ್ಲ. ಎರಡನೇ ದಿನ ಮೀನಖಂಡ ಹಿಡಿದುಕೊಂಡಿತು. ಅತ್ತೆ ತಮ್ಮ ಮೊಣಕಾಲಿಗೆಂದು ಇಟ್ಟುಕೊಂಡಿದ್ದ ಮುಲಾಮನ್ನು ಮಗನ ಕಾಲಿಗೆ ತಿಕ್ಕಿದರು. ಮೊಟ್ಟೆ ಬೇಯಿಸಿ ಅವನ ತಟ್ಟೆಗೇ ಹಾಕಿದರು.

"ಅಜ್ಜಿ, ಅಮ್ಮನೂ ಓಡ್ತಾಳೆ," ಎಂದಳು ಮಗಳು.

"ಅವಳಿಗೆ ಅಭ್ಯಾಸ ಇದೆ. ಇವನಿಗೆ ಶಕ್ತಿ ಬೇಕು."

"ಹಾಗಾದ್ರೆ ಅಭ್ಯಾಸ ಮಾಡ್ಲಿ."

"ನೋಡಿದ್ರೇನ್ರೀ ಬಾಯಿ?" ಅತ್ತೆ ಮಾವನ ಕಡೆ ತಿರುಗಿದರು. "ತಾಯಿದೇ ತದ್ರೂಪು."

ಮೂರನೇ ಸಲದ ಹೊತ್ತಿಗೆ ಗಂಡ, "ಓಟ ಅನ್ನೋದು ರಕ್ತದಲ್ಲಿರುತ್ತೆ, ದಿನಾ ಓಡಿ ಅದನ್ನ ಸವೆಸಬಾರ್ದು," ಎಂಬ ತೀರ್ಮಾನಕ್ಕೆ ಬಂದು ಮತ್ತೆ ತಡವಾಗಿ ಏಳತೊಡಗಿದ. ಸೊಸೆ ನಗಲಿಲ್ಲ. ನಕ್ಕರೆ ಎಲ್ಲಿ ಅವನು ಹಟಕ್ಕೆ ಬಿದ್ದು ಅಭ್ಯಾಸ ಮಾಡಿಬಿಡುತ್ತಾನೋ ಎಂಬ ಭಯ ಅವಳಿಗೆ. ಹಾಸುಬಟ್ಟೆ ಎತ್ತುವಾಗಲೂ ಅವಳ ತಲೆಯಲ್ಲಿ ಕಾಲುವೆ ಏರಿಯೇ ಓಡುತ್ತಿತ್ತು. ಕಳೆದ ಸಲದ ಓಟ ನೋಡಿದ್ದ ನರ್ಸಮ್ಮ, "ನೀನು ಹೀಗೇ ಓಡಿದ್ರೆ ಹೆಂಗಸರಲ್ಲಿ ಮೊದಲ ಮೂವರಲ್ಲಿ ಬರ್ತೀಯ, ಬರೆದಿಟ್ಕೋ," ಎಂದಿದ್ದಳು.

"ನಂಗೆ ಮೂರೂ ಬೇಡ ನೂರೂ ಬೇಡ," ಎಂದಳು ಸೊಸೆ. "ಒಬ್ಬರಿಗಿಂತ ಮುಂದೆ ಬಂದ್ರೆ ಸಾಕು."

ಒಂದು ಸಂಜೆ ಸೊಪ್ಪು ಸೋಸುತ್ತ ಕೂತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು. "ಅಲ್ವೇ, ಅದ್ರಲ್ಲಿ ಅಂಥದ್ದೇನಿದೆ? ಬೆವರು ಸುರಿಸ್ಕೊಂಡು ಓಡೋದ್ರಲ್ಲಿ?"

ಸೊಸೆ ಸೊಪ್ಪಿನ ಕಡ್ಡಿ ಮುರಿದು ಪಕ್ಕಕ್ಕಿಟ್ಟಳು. "ಅಷ್ಟು ಹೊತ್ತು ಯಾರೂ ನನ್ನ ಕರೆಯಲ್ಲ ಅತ್ತೆ."

ಅತ್ತೆಯ ಕೈ ನಿಂತಿತು. ಹೊಸ್ತಿಲು ದಾಟುವ ಮುಂಚೆಯೇ ಯಾರಾದರೊಬ್ಬರು ಕೂಗಿ ವಾಪಸು ಕರೆಯುತ್ತಿದ್ದ ತಮ್ಮ ಇಡೀ ಜೀವನ ಅವರಿಗೆ ನೆನಪಾಗಿರಬೇಕು. ಮಾರನೇ ಬೆಳಿಗ್ಗೆ ಸೊಸೆ ಎದ್ದಾಗ ಮೊಣಕಾಲು ನೀವಿಕೊಳ್ಳುತ್ತ ಅತ್ತೆಯೇ ಒಲೆಯ ಮುಂದೆ ನಿಂತಿದ್ದರು. "ಹೋಗು ಹೋಗು, ಇವತ್ತೊಂದಿನ. ನಾಳೆಯಿಂದ ಆಗಲ್ಲ," ಎಂದು ಗೊಣಗಿ ಅವಳ ಕೈಗೆ ಟೀ ಲೋಟ ಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು. ಸೊಸೆ ಅದನ್ನು ಅಮೃತದ ಹಾಗೆ ಕುಡಿದು ಹೋದಳು.

ಓಟದ ದಿನ ಠಾಣೆಯ ಮುಂದೆ ಜಾತ್ರೆಯಂಥ ಜನ. ಕೆಂಪು ವಾಹನದ ಪಕ್ಕದಲ್ಲಿ ಬಿಳಿ ಗೆರೆ ಎಳೆದಿದ್ದರು. ಓಟ ಶುರುವಾಗುವುದೂ ಮುಗಿಯುವುದೂ ಅಲ್ಲಿಯೇ. ಮಾವ ಮನೆಯಿಂದ ಮಡಚುವ ಕುರ್ಚಿ ತಂದು ಗೆರೆಗೆ ಸರಿಯಾಗಿ ಹಾಕಿಕೊಂಡು ಕೂತರು. ಕಂಪನಿಯ ಗೆಳೆಯರೆಲ್ಲ ಎಕ್ಸ್‌ಪ್ರೆಸ್ಸನ್ನು ನೋಡಲು ಬಂದಿದ್ದರು. ಅತ್ತೆ ಮೊಮ್ಮಗಳ ಜೊತೆ ನೀರಿನ ಬಾಟಲಿ ಹಿಡಿದು ಮೇಲ್ಸೇತುವೆ ಇಳಿಯುವ ಜಾಗದಲ್ಲಿ ನಿಂತಿದ್ದರು. ಅಲ್ಲಿಂದ ಗೆರೆ ಇನ್ನು ಎರಡು ತಿರುವು.

ಸೀಟಿ ಊದುತ್ತಲೇ ಗಂಡ ಬಾಣದ ಹಾಗೆ ಹೊರಟ. ಗೆಳೆಯರು ಕೇಕೆ ಹಾಕಿದರು. ಹಿಂದಿರುಗಿ ಹೆಂಡತಿಗೆ ಕೈ ಬೀಸಿದ ಬೇರೆ. ಅವಳು ನರ್ಸಮ್ಮನ ಪಕ್ಕದಲ್ಲಿ ತನ್ನ ಪಾಡಿಗೆ ತಾನು ಓಡುತ್ತಿದ್ದಳು. ಕಾಲುವೆ ಏರಿ ಬಂತು, ಹೋಯಿತು. ಆಸ್ಪತ್ರೆಯ ಗೇಟಿನಲ್ಲಿ ಒಗೆಯುವ ವಿಭಾಗದ ಹೆಂಗಸರು ಒದ್ದೆ ಕೈಯಲ್ಲೇ ನಿಂತು, "ಓಡೇ, ಓಡೇ!" ಎಂದು ಕೂಗಿದರು. ಮೇಲ್ಸೇತುವೆ ಹತ್ತುವಾಗ ನರ್ಸಮ್ಮ ಹಿಂದೆ ಬಿದ್ದಳು. "ನಿನ್ನ ಮುಂದೆ ಇಬ್ಬರೇ ಹೆಂಗಸರು. ಹೋಗು!" ಎಂದಳು. ಸೊಸೆಗೆ ಕಾಲಿನ ಕೆಳಗೆ ರಸ್ತೆ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಹಗುರ.

ಸೇತುವೆ ಇಳಿಯುವಲ್ಲಿ ಗಂಡ ಸಿಕ್ಕ. ಹಟವೊಂದರ ಮೇಲೇ ಅಷ್ಟು ದೂರ ಬಂದಿದ್ದ. ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು ಎದೆ ಹಿಡಿದುಕೊಂಡಿದ್ದ. ಮುಖ ಸುಣ್ಣದ ಹಾಗಿತ್ತು. ಹಣೆಯ ಪಟ್ಟಿ ಕುತ್ತಿಗೆಗೆ ಜಾರಿತ್ತು. ಅವಳು ಅವನನ್ನು ನೋಡಿದಳು, ದಾಟಿದಳು. ನಾಟಕ ಇರಬೇಕು ಅಂದುಕೊಂಡಳು. ಅಷ್ಟರಲ್ಲಿ ಬಾಟಲಿ ಹಿಡಿದು ಕುಂಟುತ್ತ ಬಂದ ಅತ್ತೆ ಕೂಗಿದರು.

"ನಿಂತ್ಕೊಳ್ಳೇ! ನನ್ನ ಮಗ ಸಾಯ್ತಾನೆ ಕಣೇ, ನಿಂತ್ಕೊಳ್ಳೇ!"

ಅವಳು ನಿಂತಳು. ಆ ಕೂಗಿಗೆ ನಿಲ್ಲದ ಹೆಂಗಸು ಯಾರಿದ್ದಾಳೆ? ವಾಪಸು ಓಡಿ ಬಂದು ಗಂಡನ ಮುಂದೆ ಕೂತು, ಶೂ ಸಡಿಲಿಸಿ, ತಲೆಗೆ ನೀರು ಹಾಕಿ, ಬೆನ್ನು ನೀವಿದಳು. "ಉಸಿರು ಮೂಗಲ್ಲಿ ತಗೊಳ್ರೀ. ಮಾತಾಡ್ಬೇಡಿ." ಹೆಂಗಸರು ಒಬ್ಬೊಬ್ಬರಾಗಿ ಅವರನ್ನು ದಾಟಿ ಹೋದರು. ನರ್ಸಮ್ಮ ಬಂದವಳು ನಿಂತು, ನಾಡಿ ಹಿಡಿದು, "ಏನಿಲ್ಲ, ಉಸಿರು ಹಿಡ್ಕೊಂಡಿದೆ ಅಷ್ಟೇ. ಮೆಲ್ಲಗೆ ನಡೆಸ್ಕೊಂಡು ಹೋಗು," ಎಂದು ಹೊರಟಳು.

"ಇನ್ನಾಗಲ್ಲ ಕಣೇ," ಎಂದ ಗಂಡ. ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ. "ಬಾಜಿ ಗೀಜಿ ಏನೂ ಬೇಡ. ನೀನೇ ಗೆದ್ದೆ. ನನ್ನ ಗೆರೆ ಮುಟ್ಟಿಸಿಬಿಡು ಸಾಕು."

ಅತ್ತೆ ಕೇಳಿಸಿಕೊಂಡರು. ಮಗಳೂ ಕೇಳಿಸಿಕೊಂಡಳು. ಮದುವೆಯಾದ ಇಷ್ಟು ವರ್ಷಕ್ಕೆ ಅವನು ಅವಳಿಗೆ ಸೋತೆ ಅಂದದ್ದು ಅದೇ ಮೊದಲು. ಅವನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಸೊಂಟ ಹಿಡಿದು, ಎಬ್ಬಿಸಿದಳು. ಮೆಲ್ಲಗೆ ನಡೆದರು. ಆಮೇಲೆ ಸ್ವಲ್ಪ ಸ್ವಲ್ಪ ಓಡಿದರು. ಒದ್ದೆ ಬಟ್ಟೆ ಎತ್ತಿದ ತೋಳು, ಅವನ ಅರ್ಧ ಭಾರ ಅವಳ ಮೇಲೇ ಇತ್ತು. ಅವನ ಉಸಿರು ಹತೋಟಿಗೆ ಬಂತು, ಬಣ್ಣ ಬಂತು. ದಾರಿಯುದ್ದಕ್ಕೂ ಅವಳು, "ಇನ್ನೊಂದು ಚೂರು, ಅದೋ ಆ ಕಂಬದವರೆಗೆ," ಎನ್ನುತ್ತ ಬಂದಳು.

ಕೊನೆಯ ತಿರುವು ದಾಟುತ್ತಲೇ ಗೆರೆ ಕಾಣಿಸಿತು. ಕಂಪನಿಯ ಗೆಳೆಯರು ರಸ್ತೆಯ ಎರಡೂ ಬದಿಗೆ ನಿಂತು ಮೊಬೈಲ್ ಎತ್ತಿ ಹಿಡಿದಿದ್ದರು.

"ಏಯ್, ನೋಡ್ರೋ! ಎಕ್ಸ್‌ಪ್ರೆಸ್ಸನ್ನ ಹೆಂಡ್ತಿ ಎಳ್ಕೊಂಡು ಬರ್ತಿದಾಳೆ!" ಎಂದು ಒಬ್ಬ ಕೂಗಿದ. ಗೊಳ್ಳೆಂದು ನಗು.

ಗಂಡನ ತೋಳು ಅವಳ ಹೆಗಲಿನಿಂದ ಸರಕ್ಕನೆ ಹೋಯಿತು. ಅವಳನ್ನು ಪಕ್ಕಕ್ಕೆ ಸರಿಸಿದ. ತಳ್ಳಿದ ಅಂದರೂ ಸುಳ್ಳಲ್ಲ. ತಲೆ ತಗ್ಗಿಸಿ, ಮುಷ್ಟಿ ಬಿಗಿದು, ಓಡಿಬಿಟ್ಟ. ಎಲ್ಲಿತ್ತೋ ಆ ಓಟ, ಅವನ ಶಾಲೆಯ ದಿನಗಳದ್ದೇ ಇರಬೇಕು. ಅವಳು ಒಂದು ಗಳಿಗೆ ಏನೂ ತಿಳಿಯದೆ ನಿಂತು, ತಿಳಿದ ಮೇಲೆ ಜೀವ ಬಿಟ್ಟು ಓಡಿದಳು. ಅವನ ಬೆನ್ನು ಹತ್ತಿರ ಬಂತು, ಬಂತು. ಕೈ ಚಾಚಿದರೆ ಅಂಗಿ ಸಿಗುತ್ತಿತ್ತು. ಅಷ್ಟರಲ್ಲಿ ಗೆರೆ ಬಂತು.

ಗಂಡನನ್ನು ಗೆಳೆಯರು ಹೆಗಲ ಮೇಲೆ ಎತ್ತಿಕೊಂಡರು. ಮಾವ ಮಡಚುವ ಕುರ್ಚಿಯಿಂದ ಎದ್ದು ನಿಂತು ತಲೆಯಾಡಿಸಿದರು.

ಅವತ್ತು ಸಂಜೆಯ ಊಟಕ್ಕೆ ಅತ್ತೆ ವಿಶೇಷವಾಗಿಯೇ ಅಡುಗೆ ಮಾಡಿದ್ದರು. ಯಾರ ಗಂಟಲಲ್ಲೂ ಸರಿಯಾಗಿ ಇಳಿಯಲಿಲ್ಲ, ಗಂಡನೊಬ್ಬನನ್ನು ಬಿಟ್ಟು. ಅವನು ಮೊಬೈಲಿನಲ್ಲಿ ತಾನು ಗೆರೆ ದಾಟುವುದನ್ನು ಮತ್ತೆ ಮತ್ತೆ ನೋಡುತ್ತಿದ್ದ.

"ತಾತ, ಇದು ಮೋಸ," ಎಂದಳು ಮಗಳು. "ಅಮ್ಮ ನಿಲ್ಲದೇ ಇದ್ದಿದ್ರೆ ಅಪ್ಪ ಇನ್ನೂ ಸೇತುವೆ ಹತ್ರನೇ ಕೂತಿರ್ತಿದ್ದ!"

"ಗೆರೆ ಮೊದಲು ಯಾರು ದಾಟಿದ್ರು?" ಮಾವ ಕೇಳಿದರು.

"ಅಪ್ಪನೇ. ಆದ್ರೆ ಬಾಜಿ ಬೇಡ ಅಂತ ಅಪ್ಪನೇ ಹೇಳಿದ್ದ! ನೀನೇ ಗೆದ್ದೆ ಅಂತ ಅಮ್ಮನಿಗೆ ಹೇಳಿದ್ದ. ನಾನು ಕೇಳಿಸ್ಕೊಂಡೆ."

ಮಾವ ಮಗನ ಕಡೆ ನೋಡಿದರು. "ಹೌದೇನೋ?"

ಗಂಡ ಮೊಬೈಲು ಕೆಳಗಿಟ್ಟ. ತಟ್ಟೆಯ ಅಂಚನ್ನು ಬೆರಳಲ್ಲಿ ಸವರಿದ. "ಉಸಿರಿಲ್ದೆ ಒದ್ದಾಡ್ತಿದ್ದೆ ಅಪ್ಪ. ಬಾಯಿಗೆ ಬಂದದ್ದು ಏನೋ ಅಂದಿರ್ತೀನಿ. ಅದನ್ನೇ ಹಿಡ್ಕೊಂಡು ಜಗ್ಗಿದ್ರೆ ಹೇಗೆ? ನಾನೇನು ನಿಲ್ಲು ಅಂತ ಕರೆದ್ನಾ ಇವಳನ್ನ?"

"ನೀವು ಕರೀಲಿಲ್ಲ," ಎಂದಳು ಸೊಸೆ. ಆ ಸಂಜೆ ಅವಳು ಆಡಿದ ಮೊದಲ ಮಾತು ಅದು. "ಅತ್ತೆ ಕರೆದ್ರು."

ಎಲ್ಲರೂ ಅತ್ತೆಯ ಕಡೆ ನೋಡಿದರು. ಅವರು ಪಾತ್ರೆಯಿಂದ ಅನ್ನ ತೆಗೆಯುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರು.

"ಹೇಳೇ," ಎಂದರು ಮಾವ. "ನೀನಿದ್ದೆಯಲ್ಲ ಅಲ್ಲಿ. ಬಾಜಿ ಬೇಡ ಅಂತ ಇವನು ಅಂದಿದ್ದು ನಿಜಾನಾ? ನಿಜ ಆದ್ರೆ ಅಲ್ಲಿಗೇ ಬಾಜಿ ಮುಗೀತು, ಸೊಸೆದೇ ಗೆಲುವು. ನೀನು ಹೂಂ ಅಂದ್ರೆ ಹೂಂ."

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಸಕ್ಕರೆಯಿಲ್ಲದ ಆ ಟೀ ಅವಳಿಗೆ ನೆನಪಾಯಿತು. ಹೇಳುತ್ತಾರೆ ಅಂದುಕೊಂಡಳು. ಹೆಂಗಸು, ಹೆಣ್ಣಿನ ಸಂಕಟ ಬಲ್ಲವರು, ಹೇಳಿಯೇ ಹೇಳುತ್ತಾರೆ.

ಅತ್ತೆ ಮಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿ ಕೂತಿದ್ದ. ನಾಳೆ ಕಂಪನಿಯಲ್ಲಿ ಅವನಿಗೆ ಟೀ ಮಾಸ್ತರ ಅಂತ ಹೆಸರಿಡುತ್ತಾರೆ, ಅದು ಅತ್ತೆಗೂ ಗೊತ್ತಿತ್ತು.

"ಗಾಡಿಗಳ ಗಲಾಟೆ," ಎಂದರು. "ನಂಗೇನೂ ಸರಿಯಾಗಿ ಕೇಳಿಸ್ಲಿಲ್ಲ."

ಮೂರು ಗೋಡೆ ಆಚೆ ಹಾಲು ಉಕ್ಕಿದರೆ ಕೇಳಿಸುವ ಕಿವಿ ಅದು! ಮಗಳು ತಟ್ಟೆ ದೂಡಿ ಎದ್ದು ಹೋದಳು. ಮಾವ ಒಂದು ಕ್ಷಣ ಹೆಂಡತಿಯ ಮುಖ ನೋಡಿದರು. ಆಯುಷ್ಯವೆಲ್ಲ ತಕ್ಕಡಿ ನೋಡಿದ ಮನುಷ್ಯ, ಸುಳ್ಳು ತೂಕ ಗೊತ್ತಾಗದೆ ಇರುತ್ತದೆಯೇ? ಆದರೂ ಗಂಟಲು ಸರಿಮಾಡಿಕೊಂಡು, "ಹಾಗಿದ್ಮೇಲೆ ಗೆರೆನೇ ಲೆಕ್ಕ," ಎಂದರು. "ಬಾಜಿ ಮಗಂದು."

ಸೊಸೆ ಎದ್ದು ಎಲ್ಲರ ತಟ್ಟೆ ಎತ್ತಿದಳು. ಶೂ ಜೋಡಿಯನ್ನು ತೊಳೆದು, ಒಣಗಿಸಿ, ಮಾರನೇ ದಿನ ನರ್ಸಮ್ಮನಿಗೆ ವಾಪಸು ಕೊಟ್ಟಳು.

"ಹುಚ್ಚೇನೇ ನಿಂಗೆ? ಆ ಮನೆಯವರ ಬಾಜಿಗೆ ಬೆಲೆ ಕೊಡ್ತೀಯಾ? ತಿರುವು ದಾಟಿದ್ಮೇಲೆ ಓಡು, ಯಾರು ನೋಡ್ತಾರೆ?" ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಗಿತ್ತು.

"ಯಾರೂ ನೋಡಲ್ಲ. ಆದ್ರೆ ಕದ್ದು ಓಡೋಕೆ ನಾನೇನು ಕಳ್ಳಿನಾ?" ಎಂದಳು. "ಸೋತೆ ಅಂತ ತೀರ್ಪಾಗಿದೆ. ಸೋತವಳ ಹಾಗೇ ಇರ್ತೀನಿ. ಅವರಿಗೆ ಪೂರ್ತಿ ತೀರಿಸ್ತೀನಿ."

ತೀರಿಸತೊಡಗಿದಳು ನೋಡಿ, ಆಗ ಮನೆಯವರಿಗೆ ಬಿಸಿ ಮುಟ್ಟಿತು. ಓಡಿ ಹೋಗುತ್ತಿದ್ದ ದಾರಿಯನ್ನು ನಡೆದು ಹೋಗಬೇಕಲ್ಲ. ಕಾಲುವೆಯ ಸುತ್ತು ತಪ್ಪಿದರೂ ಮೊದಲಿನಷ್ಟೇ ಬೇಗ ಮನೆ ಬಿಟ್ಟಳು. ಟೀ ಮತ್ತೆ ಫ್ಲಾಸ್ಕಿಗೇ ಹೋಯಿತು, ತಿಂಡಿ ತಟ್ಟೆ ಮುಚ್ಚಿಕೊಂಡಿತು.

"ಇದೇನೇ, ಮತ್ತೆ ಆರಿದ ಟೀ?" ಗಂಡ ಕಿರುಚಿದ.

"ನಡ್ಕೊಂಡು ಹೋಗ್ಬೇಕಲ್ರೀ."

ಸಂಜೆ ಬರುವುದೂ ತಡ. ಮಳೆ ಬಂದ ದಿನ ಬೀದಿಯವರೆಲ್ಲ ತಲೆಯ ಮೇಲೆ ಚೀಲ ಹಿಡಿದು ಓಡುತ್ತಿದ್ದರೆ ಅವಳು ಒಬ್ಬಳೇ ನೆನೆಯುತ್ತ ನಡೆದು ಬಂದಳು. ಒಗೆದು ತಂದ ಬಟ್ಟೆಯ ಹಾಗೆ ಬಾಗಿಲಲ್ಲಿ ನಿಂತಳು. "ಒಂದ್ ಹೆಜ್ಜೆ ಓಡಿದ್ರೆ ಗಂಟು ಹೋಗ್ತಿತ್ತಾ?" ಎಂದರು ಅತ್ತೆ. ಅವಳು ಒಳಗೆ ಹೋಗಿ ಒಲೆ ಹಚ್ಚಿದಳು. ಅತ್ತೆಗೂ ಅವಳಿಗೂ ಆಗ ಉಪ್ಪು ಎಲ್ಲಿದೆ, ಹಾಲು ಬಂತಾ ಅನ್ನುವಷ್ಟೇ ಮಾತು. ಕಟ್ಟೋಣ ಬಾಜಿ ಅಂತ ಮಾವ ಒಮ್ಮೆ ನಗುನಗುತ್ತ ಏನಕ್ಕೋ ಶುರುಮಾಡಿದರು. ಯಾರೂ ಕಿಟಕಿಯ ಕಡೆ ಹೋಗಲಿಲ್ಲ.

ಇನ್ನೂ ಕೆಲವು ವಾರ ಕಳೆದಿತ್ತು. ಸೊಸೆಗೆ ರಜೆಯ ದಿನ. ಊರಿನ ಹೊಸ ಕಟ್ಟಡವೊಂದರ ಲಿಫ್ಟನ್ನು ಅವತ್ತು ಕಂಪನಿಯವರು ಮಾಲೀಕರಿಗೆ ಒಪ್ಪಿಸಿಕೊಡಬೇಕಿತ್ತು. ಅದರ ಪೂರ್ತಿ ಹೊಣೆ ಗಂಡನದು. ಮುಗಿಸಿದರೆ ಮೇಸ್ತ್ರಿ ಮಾಡುತ್ತೇವೆ ಅಂದಿದ್ದರು. ಬೀದಿಯ ಕೊನೆಗೆ ಕಂಪನಿಯ ವ್ಯಾನು ಬಂದು ನಿಂತಿತ್ತು. ಅದರೊಳಗೆ ಮ್ಯಾನೇಜರೇ ಕೂತಿದ್ದ. ಗಂಡ ಕೂದಲು ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಗಡಿಬಿಡಿಯಲ್ಲಿ ಹೊರಟುಹೋದ. ಅವನು ಹೋದ ಮೇಲೆ ಅತ್ತೆಯ ಮೊಬೈಲು ಬಡಿದುಕೊಂಡಿತು.

"ಅಮ್ಮಾ, ಲಿಫ್ಟಿನ ಕೀಲಿ ಗೊಂಚಲು ಮೇಜಿನ ಮೇಲೇ ಬಿಟ್ಟೆ! ವ್ಯಾನು ಹೊರಡ್ತಿದೆ, ಇವರು ಕಾಯಲ್ಲ, ಆಫೀಸಿನ ಇನ್ನೊಂದು ಕೀಲಿ ತಗೊಂಡು ಬೇರೆಯವನ ಕೈಲಿ ಮಾಡಿಸ್ತೀವಿ ಅಂತಿದಾರೆ. ಅವಳ ಕೈಲಿ ಕಳ್ಸು. ಓಡ್ಕೊಂಡು ಬಾ ಅನ್ನು!"

ಅತ್ತೆ ಗೊಂಚಲನ್ನು ಸೊಸೆಯ ಕೈಗೆ ತುರುಕಿದರು. "ಓಡೇ! ಓಡಿ ಕೊಟ್ಟು ಬಾ!"

ಸೊಸೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಬೀದಿಗೆ ಬಂದಳು. ನಡೆದಳು. ಬೇಕೆಂದು ನಿಧಾನ ಮಾಡಲಿಲ್ಲ, ಬಿರುಸೂ ಮಾಡಲಿಲ್ಲ. ಸಂಸಾರಸ್ಥೆ ಹೇಗೆ ನಡೆಯುತ್ತಾಳೋ ಹಾಗೆ ನಡೆದಳು. ಮೇಲಿನ ಕಿಟಕಿಯಲ್ಲಿ ಅತ್ತೆ ಮಾವ ಇಬ್ಬರೂ ನಿಂತಿದ್ದರು.

"ಓಡೇ ಮಾರಿ!" ಅತ್ತೆಯ ಕೂಗು ಬೀದಿಗೆಲ್ಲ ಕೇಳಿಸಿತು. "ಬೇಡ್ಕೊತೀನಿ ಕಣೇ, ಓಡು! ಏನ್ರೀ, ನೀವಾದ್ರೂ ಹೇಳ್ರೀ!"

ಮಾವ ಹೇಳಲಿಲ್ಲ. ತೀರ್ಪು ಅವರದೇ, ಏನಂತ ಹೇಳಿಯಾರು?

ಬೀದಿಯ ಆ ತುದಿಯಲ್ಲಿ ಗಂಡ ಒಂದು ಕಾಲು ವ್ಯಾನಿನ ಮೆಟ್ಟಿಲ ಮೇಲಿಟ್ಟು ಎರಡೂ ಕೈ ಬೀಸಿ ಕರೆಯುತ್ತಿದ್ದ. ಕೊನೆಗೆ ತಡೆಯಲಾರದೆ ಇಳಿದು, ಇಸ್ತ್ರಿ ಅಂಗಿಯಲ್ಲೇ ಓಡಿ ಬಂದ. ಅವಳನ್ನು ಮುಟ್ಟುವಷ್ಟರಲ್ಲಿ ಏದುಸಿರು. ಅವಳ ಕೈಯಿಂದ ಕೀಲಿ ಕಿತ್ತುಕೊಂಡು ತಿರುಗಿದ. ವ್ಯಾನು ಹೊರಟಿತ್ತು. ಕೂಗಿದ, ಎರಡು ಹೆಜ್ಜೆ ಓಡಿದ, ನಿಂತ. ವ್ಯಾನು ತಿರುವಿನಲ್ಲಿ ಮರೆಯಾಯಿತು.

"ಓಡಿ ಬರೋಕೆ ಏನಾಗಿತ್ತೇ ನಿಂಗೆ?" ಎಂದ. ಅವನ ದನಿ ಒಡೆದಿತ್ತು. "ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟೆಯಲ್ಲೇ!"

"ನಾನು ಸೋತಿದೀನಲ್ರೀ," ಎಂದಳು. "ಗೆದ್ದಿರೋದು ನೀವು. ನೀವು ಓಡಬಹುದು."

ಅವಳು ತಿರುಗಿ ಮನೆಯ ಕಡೆ ಹೊರಟಳು. ಸೇಡು ತೀರಿತು ಅಂತ ಅವಳಿಗೆ ಒಂದಿಷ್ಟೂ ಖುಷಿಯಾಗಲಿಲ್ಲ. ಬೆಳಗಿನ ಗಾಳಿ ತಣ್ಣಗೆ ಬೀಸುತ್ತಿತ್ತು, ಬೀದಿ ಖಾಲಿ ಇತ್ತು, ಓಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತೇ ಇರಲಿಲ್ಲ. ಎರಡೂ ಕಾಲು ಜಗ್ಗುತ್ತಿದ್ದವು. ಅವಳಿಗೆ ಅಳು ಬಂತು. ಅಳುತ್ತಲೇ, ಕಿಟಕಿಯಲ್ಲಿ ನಿಂತವರಿಗೆ ಚೆನ್ನಾಗಿ ಕಾಣುವ ಹಾಗೆ, ಬೀದಿಯ ನಡುವೆ ಒಂದೊಂದೇ ಹೆಜ್ಜೆ ಇಟ್ಟು ನಡೆದು ಹೋದಳು.